ಬೆರಳಿಗೆ ಸಿಗುವ ಹಾಡು

ನಮ್ಮ ಮನೆಯ ಸಿ.ಡಿ. ಪ್ಲೇಯರು ಒಂದೇ ದಿನಕ್ಕೆ ಕೈಕೊಡಲಿಲ್ಲ. ಮೊದಲು ಗೆರೆ ಬಿದ್ದ ಡಿಸ್ಕುಗಳನ್ನು ಬೇಡವೆಂದಿತು. ಆಮೇಲೆ ಚಳಿಗಾಲದ ಬೆಳಗಿನಲ್ಲಿ ಯಾವುದೂ ಬೇಡವೆಂದಿತು; ಹತ್ತು ನಿಮಿಷ ಚಾಲೂ ಇಟ್ಟು, ಎರಡು ಸಲ ಟ್ರೇ ಹೊರಗೆಳೆದು ಒಳಗೆ ತಳ್ಳಿದರೆ ಮನಸ್ಸು ಮಾಡುತ್ತಿತ್ತು. ಕೊನೆಕೊನೆಗೆ ಒಳಗೇ ಗಿರ್ರೆಂದು ಎರಡು ಸುತ್ತು ಹೊಡೆದು, ಡಿಸ್ಕೇ ಇಲ್ಲವೆಂದು ಹಸಿರು ಅಕ್ಷರದಲ್ಲಿ ಬರೆದು ಸುಮ್ಮನಾಗತೊಡಗಿತು. ಹುಬ್ಬಳ್ಳಿಯಲ್ಲಿ ರಿಪೇರಿಯವರೊಬ್ಬರು ಮುಚ್ಚಳ ಬಿಚ್ಚಿ ನೋಡಿ, “ಲೆನ್ಸ್ ಹೋಗೇತ್ರಿ. ಈ ಮಾಡೆಲ್ಲಿಂದು ಈಗ ಬರೂದಿಲ್ಲ. ಯಾಕ ತ್ರಾಸು ತಗೋತೀರಿ, ಫೋನಿನ್ಯಾಗ ಎಲ್ಲಾ ಸಿಗತೈತಲ್ರಿ” ಅಂದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಅವರು ಹೇಳಿದ್ದು ಊರಿಗೆಲ್ಲ ಹೊಂದುವ ಮಾತು. ಆದರೆ ನಮ್ಮಪ್ಪನಿಗೆ ಫೋನಿನಲ್ಲಿ ಏನೂ ಸಿಗುವುದಿಲ್ಲ. ಗ್ಲಾಕೋಮಾ ಅವನ ಕಣ್ಣನ್ನು ಹನ್ನೆರಡು ವರ್ಷಗಳಿಂದ ಅಂಚಿನ ಕಡೆಯಿಂದ ತಿನ್ನುತ್ತ ಬಂದು, ಈಗ ನಡುವೆ ಕಿಂಡಿಯಷ್ಟು ಮಂಜು ಬೆಳಕನ್ನು ಉಳಿಸಿದೆ. ಗಾಜಿನ ಪರದೆಯ ಮೇಲೆ ಬೆರಳಾಡಿಸಿದರೆ ಅವನಿಗೆ ಸಿಗುವುದು ಗಾಜು ಮಾತ್ರ. ಸಿ.ಡಿ. ಕಪಾಟಿನಲ್ಲಿ ಹಾಗಾಗುತ್ತಿರಲಿಲ್ಲ. ಅಲ್ಲಿ 214 ಡಿಸ್ಕುಗಳು. ಮೇಲಿನ ಸಾಲಿನಲ್ಲಿ ಎಡದಿಂದ ಮಲ್ಲಿಕಾರ್ಜುನ ಮನಸೂರರು, ಅವರ ಪಕ್ಕ ಬಸವರಾಜ ರಾಜಗುರು, ಆಮೇಲೆ ಗಂಗೂಬಾಯಿ ಹಾನಗಲ್ಲರು. ನಡುವೆ ಭೀಮಸೇನ ಜೋಶಿ, ಕುಮಾರ ಗಂಧರ್ವ. ಕೆಳಗೆ ಸಿತಾರು, ಸರೋದು, ಕೊಳಲು. ಪೆಟ್ಟಿಗೆ ಒಡೆದದ್ದು ಯಾವ ರಾಗ, ಕೀಲು ಮುರಿದದ್ದು ಯಾವುದು, ರಬ್ಬರ್ ಬ್ಯಾಂಡ್ ಹಾಕಿದ್ದು ಯಾವುದು ಎಲ್ಲ ಅವನ ಬೆರಳಿಗೆ ಗೊತ್ತಿತ್ತು. ಡಿಸ್ಕಿನ ನಡುವಿನ ತೂತು 15 ಮಿಲಿಮೀಟರು. ಅದರೊಳಗೆ ತೋರುಬೆರಳು, ಅಂಚಿಗೆ ಹೆಬ್ಬೆರಳು. ಟ್ರೇಯ ತಗ್ಗಿನಲ್ಲಿ ಕೂರಿಸಿ ಮೆಲ್ಲಗೆ ಒತ್ತಿದರೆ ಅದೇ ಒಳಗೆ ಹೋಗುತ್ತಿತ್ತು. ಎಡದಿಂದ ಮೂರನೆಯ ಗುಂಡಿ ಹಾಡಿನದು. ದಿನದಲ್ಲಿ ಯಾರ ಸಹಾಯವೂ ಇಲ್ಲದೆ ಅಪ್ಪ ಮಾಡುತ್ತಿದ್ದ ಕೆಲಸಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು. ಪೇಪರು ಓದುವುದು ಹೋಯಿತು, ಚಹಾ ಮಾಡುವುದು ಹೋಯಿತು, ಸಪ್ತಾಪುರದ ಬಾವಿಯವರೆಗೆ ನಡೆದುಹೋಗಿ ಬರುವುದೂ ಹೋಯಿತು. ಸಿ.ಡಿ. ಹಾಕುವುದು ಉಳಿದಿತ್ತು.

ಸಿ.ಡಿ.ಯಿಂದ ಡಿಜಿಟಲ್‌ಗೆ ಬದಲಾಗುವುದು ಎಂದು ಜನ ಹೇಳುವಾಗ ನನಗೆ ಸಣ್ಣ ನಗು ಬರುತ್ತದೆ. ಸಿ.ಡಿ.ಯೇ ಡಿಜಿಟಲ್ ಅಲ್ಲವೆ? ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಈ ಡಿಸ್ಕು 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗೆ ಬಂದಾಗಲೇ ಹಾಡು ಅಂಕಿಯಾಗಿತ್ತು. ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಟ್ಟ ಪಟ್ಟಿ ಅದು, ಎಡ ಬಲ ಎರಡು ಕಿವಿಗೂ ಬೇರೆ ಬೇರೆ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆದರೆ ಸಾಕು ಎನ್ನುವುದು ಗಣಿತ. ಆದರೆ ಸರಿಯಾಗಿ 44,100 ಯಾಕೆ? ಆಗ ಇಷ್ಟೊಂದು ಅಂಕಿಗಳನ್ನು ಬರೆದಿಡಲು ಕೈಗೆ ಸಿಗುತ್ತಿದ್ದದ್ದು ವಿಡಿಯೊ ಟೇಪು. ಒಂದು ಗೆರೆಗೆ 3 ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿದರೆ ಅಷ್ಟೇ ಬರುತ್ತದೆ.

ಇದನ್ನು ಹೇಳಿದಾಗ ಅಪ್ಪ ಬೇರೆಯದನ್ನೇ ಹಿಡಿದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. “ನಲವತ್ನಾಕು ಸಾವಿರದ ನೂರು ಅಂದ್ರ ಇನ್ನೂರಾ ಹತ್ತರ ವರ್ಗ. ಎರಡು, ಮೂರು, ಐದು, ಏಳು. ಮೊದಲಿನ ನಾಕು ಅವಿಭಾಜ್ಯ ಸಂಖ್ಯೆ, ನಾಕೂ ವರ್ಗ ಆಗಿ ಕುಂತಾವ” ಅಂದ. ಆ ದಿನವೆಲ್ಲ ಅವನ ಮುಖ ಗೆಲುವಾಗಿತ್ತು.

ಹಾಗಾಗಿ ನಮ್ಮ ಮನೆಯಲ್ಲಿ ಹಾಳಾದದ್ದು ಬಹಳ ಚಿಕ್ಕ ಭಾಗ. ಸಿ.ಡಿ. ಪ್ಲೇಯರಿನೊಳಗೆ ಇಬ್ಬರು ಕೆಲಸಗಾರರು. ಒಬ್ಬ ಲೇಸರಿನಿಂದ ಡಿಸ್ಕಿನ ಅಂಕಿಗಳನ್ನು ಓದುವವನು. ಇನ್ನೊಬ್ಬ ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ಆಂಪ್ಲಿಫೈಯರಿಗೆ ದಾಟಿಸುವವನು. ಇವನಿಗೆ ಈಗ ಡ್ಯಾಕ್ ಎಂದು ಹೆಸರು, ಅವನನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ನಮ್ಮಲ್ಲಿ ಸೋತವನು ಮೊದಲನೆಯವನು. ಎರಡನೆಯವನು ಗಟ್ಟಿಯಾಗೇ ಇದ್ದ. ಆದರೆ ಆ ಪ್ಲೇಯರಿನ ಹಿಂಬದಿಯಲ್ಲಿ ಅಂಕಿಗಳು ಹೊರಹೋಗುವ ಬಾಗಿಲಿತ್ತು, ಒಳಬರುವ ಬಾಗಿಲಿರಲಿಲ್ಲ. ಆಂಪ್ಲಿಫೈಯರು, ಎರಡು ಮರದ ಸ್ಪೀಕರು, ಗೋಡೆಗೆ ಮೊಳೆ ಹೊಡೆದು ಎಳೆದ ವಾಯರು ಎಲ್ಲವೂ ಇದ್ದಲ್ಲೇ ಇದ್ದವು. ಈ ವಾಯರಿನ ಬಗ್ಗೆ ಸಾವಿರಾರು ರೂಪಾಯಿ ಖರ್ಚು ಮಾಡುವವರಿದ್ದಾರೆ. ಅವರೊಂದಿಗೆ ನನಗೆ ಜಗಳವಿಲ್ಲ. ನಮ್ಮದು ಕರೆಂಟಿನ ಅಂಗಡಿಯ ವಾಯರು.

ಮೊದಲ ಪರಿಹಾರ ತಮ್ಮನದು. ಪುಣೆಯಿಂದ ಬರುವಾಗ ಮಾತಾಡಿದರೆ ಹಾಡು ಹಾಕುವ ಸ್ಪೀಕರೊಂದನ್ನು ತಂದ. ಕಣ್ಣಿಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಬೇರೇನಿದೆ ಎನ್ನುವುದು ಅವನ ವಾದ, ತೆಗೆದುಹಾಕುವಂಥದ್ದೂ ಅಲ್ಲ. ಅಪ್ಪ ಎರಡು ದಿನ ಅದರೊಡನೆ ಮಾಸ್ತರನಂತೆ ತಾಳ್ಮೆಯಿಂದ ಮಾತಾಡಿದ. ಮನಸೂರರ ಖಟ್ ರಾಗ ಹಾಕು ಎಂದರೆ ಅದಕ್ಕೆ ಖಟ್ ಎನ್ನುವುದು ಇಂಗ್ಲಿಷಿನ ಕಟ್ ಎಂದು ಕೇಳಿಸಿ ಯಾವುದೋ ಹಿಂದಿ ರೀಮಿಕ್ಸ್ ಶುರುವಾಯಿತು. ನಮ್ಮ ಉಚ್ಚಾರ ಅದಕ್ಕೆ ತಿಳಿಯುವುದಿಲ್ಲ ಎಂದು ತಮ್ಮ ಫೋನಿನಲ್ಲಿ ಹೇಳಿಕೊಟ್ಟ. ಅಪ್ಪ ನಾಲಿಗೆ ಹೊರಳಿಸಿ ಇಂಗ್ಲಿಷಿನವರಂತೆ ‘ಮ್ಯಾಲಿಕಾರ್ಜುನ್’ ಅಂದ. ಆಗ ಬಂತು. ಬಂದ ಮೇಲೆ ಅಪ್ಪ ಅದನ್ನು ಕೇಳದೆ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ತನ್ನ ಊರಿನ ಗಾಯಕನ ಹೆಸರನ್ನು ಹಾಗೆ ಕರೆಯಬೇಕಾದದ್ದು ಅವನಿಗೆ ಸೇರಲಿಲ್ಲವೆಂದು ಕಾಣುತ್ತದೆ. ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನೂ ಒಂದು ತೊಂದರೆಯಿತ್ತು. ಬೇಸಿಗೆಯಲ್ಲಿ ಅಲ್ಲಿ ಕೇಳಿದ್ದ ಒಂದು ಬಿಹಾಗ, ಶ್ರಾವಣದ ಹೊತ್ತಿಗೆ ಇರಲಿಲ್ಲ. ಸ್ಟ್ರೀಮಿಂಗ್ ಕಂಪನಿಗಳು ಹಾಡನ್ನು ಇಟ್ಟುಕೊಂಡಿರುವುದು ಹಕ್ಕುದಾರರ ಜೊತೆಗಿನ ಕರಾರಿನ ಮೇಲೆ. ಕರಾರು ಮುಗಿದರೆ ಹಾಡು ಹೇಳದೆ ಹೋಗುತ್ತದೆ. ಬಾಡಿಗೆ ಮನೆಯಿಂದ ಸಾಮಾನು ಹೊರಗಿಟ್ಟರೆ ರಸ್ತೆಯಲ್ಲಾದರೂ ಕಾಣುತ್ತದೆ. ಇಲ್ಲಿ ಆ ಗುರುತೂ ಇರಲಿಲ್ಲ. ಅದೇ ಬಿಹಾಗ ನಮ್ಮ ಕಪಾಟಿನ ಎರಡನೇ ಸಾಲಿನಲ್ಲಿ, ಓದುವವರಿಲ್ಲದೆ ಕೂತಿತ್ತು.

ಆಗ ಡಿಸ್ಕುಗಳನ್ನೆಲ್ಲ ಫೈಲು ಮಾಡುವುದೆಂದು ನಿಶ್ಚಯಿಸಿದೆ. ನನ್ನ ಲ್ಯಾಪ್‌ಟಾಪಿಗೆ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಕೊಂಡೆ. ಗೈಡ್ ಊರಿನಲ್ಲಿಲ್ಲದ ಐದು ವಾರ ಧಾರವಾಡದಲ್ಲೇ ಕೂತೆ. ಮೊದಲಿಗೆ ಎಂಪಿ3 ಮಾಡೋಣವೆಂದಿದ್ದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಬೆಳೆದ ಈ ವಿಧಾನ ಕಿವಿಗೆ ಹೇಗೂ ಗೊತ್ತಾಗದು ಎನ್ನುವ ಅಂಶಗಳನ್ನು ಬಿಟ್ಟು ಹಾಡನ್ನು ಚಿಕ್ಕದು ಮಾಡುತ್ತದೆ. ಸಿ.ಡಿ.ಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಹರಿದರೆ, ಹಿಂದೆ ಎಲ್ಲರೂ ಪೆನ್‌ಡ್ರೈವಿಗೆ ತುಂಬಿಕೊಳ್ಳುತ್ತಿದ್ದ ಎಂಪಿ3ಯಲ್ಲಿ 128. ಹನ್ನೊಂದರಲ್ಲಿ ಒಂದು ಪಾಲು. ಒಂದು ತೋಡಿಯನ್ನು ಎರಡೂ ಬಗೆಯಲ್ಲಿ ಮಾಡಿ, ಯಾವುದು ಯಾವುದೆಂದು ಹೇಳದೆ ಅಪ್ಪನಿಗೆ ಕೇಳಿಸಿದೆ. ಗಾಯನ ಶುರುವಾಗುವ ತನಕವೂ ಅವನು ಕಾಯಲಿಲ್ಲ. “ಇದರಾಗ ತಂಬೂರಿ ತೊಯ್ದಂಗ ಐತಿ ನೋಡವಾ” ಅಂದ. ತಂಬೂರಿಯ ಜವಾರಿಯಲ್ಲಿ ಮೇಲುಮೇಲಿನ ಸ್ವರಗಳ ಮಿನುಗೇ ಜೀವ. 128ರಲ್ಲಿ ಮೊದಲು ಕತ್ತರಿ ಬೀಳುವುದೂ ಆ ಮೇಲುತುದಿಗೇ. ಕಣ್ಣಿನ ಪರೀಕ್ಷೆಯಲ್ಲಿ ವರ್ಷಕ್ಕೆರಡು ಸಲ ನಾಪಾಸಾಗಿ ಬರುವ ಅಪ್ಪ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತಗೊಂಡ.

ಹಾಗಾಗಿ ಫ್ಲ್ಯಾಕ್. 2001ರಿಂದ ಇರುವ, ಯಾರಿಗೂ ಶುಲ್ಕ ಕೊಡಬೇಕಿಲ್ಲದ ಈ ವಿಧಾನ ಏನನ್ನೂ ಬಿಡದೆ ಮಡಚಿಡುತ್ತದೆ. ಧೋತರ ಮಡಚಿಟ್ಟ ಹಾಗೆ. ಬಿಚ್ಚಿದರೆ ಅಷ್ಟೇ ಉದ್ದ. ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಿಸ್ಕನ್ನು ಓದುವ ತಂತ್ರಾಂಶ ಒಂದೊಂದು ತುಣುಕನ್ನೂ ಒಂದಕ್ಕಿಂತ ಹೆಚ್ಚು ಸಲ ಓದಿ ತಾಳೆ ನೋಡುತ್ತದೆ. ಆಮೇಲೆ ಇದೇ ಡಿಸ್ಕನ್ನು ಜಗತ್ತಿನಲ್ಲಿ ಬೇರೆ ಯಾರಾದರೂ ಓದಿದ್ದರೆ ಅವರಿಗೆ ಬಂದ ಮೊತ್ತ, ನನಗೆ ಬಂದ ಮೊತ್ತ ಒಂದೇ ಆಗಿದೆಯೇ ಎಂದೂ ನೋಡುತ್ತದೆ. ಸಿತಾರಿನ ಡಿಸ್ಕುಗಳಿಗೆ ಇಷ್ಟು ಜನ, ಅಷ್ಟು ಜನ ಎಂದು ಸಾಕ್ಷಿ ಹೇಳುವವರು ಸಿಕ್ಕರು. ಸುಭಾಸ ರಸ್ತೆಯಲ್ಲಿ ಕೊಂಡ ಎಷ್ಟೋ ಡಿಸ್ಕುಗಳಿಗೆ ಯಾರೂ ಇರಲಿಲ್ಲ.

ಎಲ್ಲವೂ ಬರಲಿಲ್ಲ. ಅಂಗಡಿಯ ಡಿಸ್ಕುಗಳು ಬಹುತೇಕ ಬಂದವು. ಹೋದವು ಅಪ್ಪನ ಗೆಳೆಯರು ಕಂಪ್ಯೂಟರಿನಲ್ಲಿ ಕಾಪಿ ಮಾಡಿ ಕೊಟ್ಟವು: ಯಾರದೋ ಮನೆಯ ಬೈಠಕ್ಕು, ರೇಡಿಯೋದಿಂದ ಹಿಡಿದಿಟ್ಟದ್ದು. ಆ ಬಗೆಯ ಡಿಸ್ಕಿನಲ್ಲಿ ಅಂಕಿಗಳು ಒತ್ತಿದ ಗುಳಿಗಳಲ್ಲ, ಬಣ್ಣದ ಪದರದ ಮೇಲಿನ ಗುರುತುಗಳು. ಬಣ್ಣಕ್ಕೆ ಆಯುಷ್ಯ ಕಡಿಮೆ. ಎಲ್ಲಿಯೂ ಕೊಳ್ಳಲು ಸಿಗದವೇ ಅಳಿಸಿಹೋಗಿದ್ದವು. 23 ಡಿಸ್ಕುಗಳು. ಒಂದರಲ್ಲಿ ಮೊದಲ ಹನ್ನೊಂದು ನಿಮಿಷ ಸಿಕ್ಕಿತು. ಡಿಸ್ಕನ್ನು ಲೇಸರು ಒಳಗಿನ ಸುತ್ತಿನಿಂದ ಹೊರಕ್ಕೆ ಓದುತ್ತ ಹೋಗುತ್ತದೆ. ಹೊರ ಅಂಚು ಮೊದಲು ಕೆಟ್ಟಿದ್ದರಿಂದ ವಿಲಂಬಿತ ಉಳಿದು ದ್ರುತ ಹೋಗಿತ್ತು.

ಇಷ್ಟಾದರೂ ಕೆಲಸದ ಕಷ್ಟದ ಭಾಗ ಇನ್ನೂ ಶುರುವಾಗಿರಲಿಲ್ಲ. ಹಾಡುಗಳೇನೋ ಬಂದವು, ಹೆಸರುಗಳು ಬರಲಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಸಾಮಾನ್ಯ ಸಿ.ಡಿ.ಯೊಳಗೆ ಹಾಡಿದವರ ಹೆಸರಿರುವುದಿಲ್ಲ, ಹಾಡಿನ ಹೆಸರೂ ಇರುವುದಿಲ್ಲ. ಹೆಸರಿರುವುದು ಮೇಲಿನ ಕಾಗದದಲ್ಲಿ. ಕಂಪ್ಯೂಟರು ತೋರಿಸುವ ಹೆಸರುಗಳು ಎಲ್ಲಿಂದಲೋ ತರಿಸಿದವು: ಡಿಸ್ಕಿನಲ್ಲಿ ಎಷ್ಟು ತುಣುಕುಗಳಿವೆ, ಒಂದೊಂದು ಎಲ್ಲಿ ಶುರುವಾಗುತ್ತದೆ ಎನ್ನುವ ಲೆಕ್ಕ ಕಳಿಸಿ, ಅದಕ್ಕೆ ಹೊಂದುವ ಡಿಸ್ಕಿನ ವಿವರವನ್ನು ಅಂತರ್ಜಾಲದ ಒಂದು ಪಟ್ಟಿಯಿಂದ ಕೇಳುತ್ತದೆ. ಹನ್ನೆರಡು ಸಿನಿಮಾ ಹಾಡುಗಳ ಡಿಸ್ಕಾದರೆ ಲೆಕ್ಕ ಸರಿಯಾಗಿ ಹೊಂದುತ್ತದೆ. ನಮ್ಮ ಖಯಾಲುಗಳಲ್ಲಿ ಒಂದು ಡಿಸ್ಕಿಗೆ ಎರಡೇ ತುಣುಕು. ಎರಡು ತುಣುಕಿನ ಡಿಸ್ಕುಗಳು ಜಗತ್ತಿನಲ್ಲಿ ಎಷ್ಟೋ ಇವೆ. ಹೀಗಾಗಿ ನಮ್ಮ ಮನಸೂರರ ಒಂದು ಡಿಸ್ಕು ಜರ್ಮನ್ ಮಕ್ಕಳ ಕಥೆಯೆಂದು ಬಂತು. ಅಪ್ಪನಿಗೆ ಹೇಳಿದೆ. “ಹೌದು, ಅವರ ಗಾಯನದಾಗ ಕಥೀನೂ ಇರತಿತ್ತು” ಅಂದ.

ಸರಿಯಾಗಿ ಬಂದವೂ ಸರಿಯಾಗಿರಲಿಲ್ಲ. ಪಂಡಿತ್ ಎಂದು ಶುರುವಾಗುವುದರಿಂದ ಮನೆಯ ಅರ್ಧ ಸಂಗೀತ ಇಂಗ್ಲಿಷ್ ಪಿ ಅಕ್ಷರದ ಕೆಳಗೆ ಗುಂಪುಗೂಡಿತು. ಅದರಲ್ಲೂ ಪೂರ್ಣ ಪಂಡಿತರು, ಚುಟುಕು ಪಂಡಿತರು, ಚುಕ್ಕಿಯಿಟ್ಟವರು, ಇಡದವರು ಬೇರೆ ಬೇರೆ ಮನುಷ್ಯರಾದರು. ಎಂಪಿ3ಗೆ ಹೆಸರು ಅಂಟಿಸುವ ಮೊದಲ ಪದ್ಧತಿಯಲ್ಲಿ ಸಂಗೀತದ ಬಗೆಗಳಿಗೆ 80 ಹೆಸರುಗಳ ಪಟ್ಟಿಯೊಂದಿತ್ತು. ಪೋಲ್ಕಾ ಎನ್ನುವ ಕುಣಿತಕ್ಕೆ ಅದರಲ್ಲಿ ಜಾಗವುಂಟು, ಹಿಂದುಸ್ತಾನಿಗೆ ಇಲ್ಲ. ಎಥ್ನಿಕ್ ಎನ್ನುವ ಒಂದು ಚೀಲವಿದೆ, ನಾವೆಲ್ಲ ಅದರೊಳಗೆ. ಕಲಾವಿದರ ಹೆಸರಿಗೆ ಅಲ್ಲಿ 30 ಬೈಟ್ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಈಗಿನ ಯುಟಿಎಫ್-8 ರೂಢಿಯಲ್ಲಿ ಕನ್ನಡಕ್ಕೆ ಮೂರು, ಅದೂ ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಆ ಮನೆಯೊಳಗೆ ಕನ್ನಡದಲ್ಲಿ ಹೆಸರು ಬರೆದರೆ ‘ಮಲ್ಲಿಕಾರ್ಜ’ ಎನ್ನುವಲ್ಲಿಗೆ ಜಾಗ ಮುಗಿಯುತ್ತದೆ. ಮನಸೂರು ಹೊರಗೇ. ಹೊಸ ಪದ್ಧತಿಗಳಲ್ಲಿ ಈ ಇಕ್ಕಟ್ಟಿಲ್ಲ, ನಿಜ. ಆದರೆ ಅಲ್ಲಿಯೂ ಕಲಾವಿದ, ಆಲ್ಬಂ, ಸಂಯೋಜಕ ಎನ್ನುವ ಮನೆಗಳೇ ಮೊದಲು. ರಾಗಕ್ಕೆ, ತಾಲಕ್ಕೆ, ಬಂದಿಶಿಗೆ, ಹೊತ್ತಿಗೆ ನಾನೇ ಮನೆ ಕಟ್ಟಬೇಕಾಯಿತು. ತಬಲಾ ಯಾರು, ಹಾರ್ಮೋನಿಯಂ ಯಾರು, ಹಿಂದೆ ಕೂತು ದನಿಗೂಡಿಸಿದ ಶಿಷ್ಯ ಯಾರು ಎನ್ನುವುದು ಸ್ಟ್ರೀಮಿಂಗಿನಲ್ಲಿ ಹೆಚ್ಚಿನಂಶ ಇರುವುದೇ ಇಲ್ಲ. ಸಿ.ಡಿ.ಯ ಮಡಚಿದ ಕಾಗದದಲ್ಲಿ ಇರುವೆಯಷ್ಟು ಅಕ್ಷರದಲ್ಲಾದರೂ ಇರುತ್ತಿತ್ತು. ಅವನ್ನೆಲ್ಲ ಭೂತಗನ್ನಡಿ ಹಿಡಿದು ಓದಿ ತುಂಬಿದೆ.

ನಾನು ಪಿಎಚ್.ಡಿ. ಮಾಡುತ್ತಿರುವುದು ತಾಳೆಗರಿ ಸೂಚಿಗಳ ಮೇಲೆ. ಯಾವ ಕಟ್ಟು ಯಾರದು, ಯಾರು ಪ್ರತಿ ಮಾಡಿದರು, ಯಾವಾಗ ಎಂದು ಹುಡುಕುವುದು. ಹೀಗಾಗಿ ಈ ಕೆಲಸ ನನಗೆ ಹೊಸದೆನಿಸಲಿಲ್ಲ. ಓಲೆಗೆ ಹೊದಿಕೆಯ ಕಾಗದವಿಲ್ಲ. ಹಲಗೆ ಕಳಚುತ್ತದೆ, ದಾರ ಹರಿಯುತ್ತದೆ. ಅದಕ್ಕೇ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿಯನ್ನು ಗ್ರಂಥದ ಕೊನೆಯ ಗರಿಯಲ್ಲಿ, ಗ್ರಂಥದ ಜೊತೆಗೇ ಬರೆಯುತ್ತಾನೆ. ವಚನಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಂಕಿತವನ್ನು ವಚನದೊಳಗೇ ಹೊಲಿದುಬಿಟ್ಟರು. ಕೂಡಲಸಂಗಮದೇವ ಎಂದು ಕಿವಿಗೆ ಬಿದ್ದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಬಾಯಿಂದ ಬಾಯಿಗೆ ಹೋದರೂ ಹೆಸರು ಉದುರುವುದಿಲ್ಲ.

ಗ್ರಾಮಫೋನಿನ ಮೊದಲ ಕಾಲದಲ್ಲೂ ಇಂಥದೇ ಒಂದು ಉಪಾಯವಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಹಾಡಿದಾಗ, ಮುದ್ರಣವಾದದ್ದು ಅಲ್ಲಿ, ತಟ್ಟೆ ಒತ್ತಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ದನಿಯೆಂದು ಗೊತ್ತಾಗಬೇಕಲ್ಲ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಾಳೆ. ಲೇಬಲ್ ಅಂಟಿಸುವವರಿಗಾಗಿ ಹೇಳಿದ ಆ ಮಾತು ಇವತ್ತಿಗೂ ಹಾಡಿನೊಡನೆ ಇದೆ.

ಇಷ್ಟು ಹೊತ್ತಿಗೆ ನನ್ನ ಫೈಲುಗಳಲ್ಲಿ ಹೆಸರುಗಳೆಲ್ಲ ನೀಟಾಗಿ ಕೂತಿದ್ದವು, ಪರದೆ ನೋಡಬಲ್ಲವರಿಗೆ. ಅಪ್ಪನಿಗೆ ಬೇಕಾದದ್ದು ಬೇರೆ. ಅವನು ಡಿಸ್ಕುಗಳನ್ನು ಕಂಪನಿಯಿಟ್ಟ ಹೆಸರಿನಿಂದ ಒಂದು ದಿನವೂ ಕರೆದವನಲ್ಲ. ‘ಬೆಳಗಾವ್ಯಾಗ ತಗೊಂಡ ಮುಲ್ತಾನಿ’, ‘ನೀ ಎಸ್ಸೆಸ್ಸೆಲ್ಸಿ ಪಾಸಾದಾಗಿಂದು’, ‘ಕೆಮ್ಮಿನ ಜೌನಪುರಿ’. ಈ ಕೊನೆಯದರಲ್ಲಿ ದ್ರುತದ ನಡುವೆ ಸಭೆಯಲ್ಲಿ ಯಾರೋ ಜೋರಾಗಿ ಕೆಮ್ಮುತ್ತಾರೆ. ಫ್ಲ್ಯಾಕ್ ಅದನ್ನೂ ಬಿಟ್ಟಿಲ್ಲ.

ರಾಸ್ಪ್‌ಬೆರಿ ಪೈ ಎಂದು ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರ್ ಸಿಗುತ್ತದೆ. ಅದಕ್ಕೊಂದು ಚಿಕ್ಕ ಡ್ಯಾಕ್ ಜೋಡಿಸಿ ಆಂಪ್ಲಿಫೈಯರಿನ ಹಿಂದೆ ಇಟ್ಟೆ. ಕಪಾಟಿನ ಸಂಗೀತವೆಲ್ಲ ಉಗುರಿನಷ್ಟು ಕಾರ್ಡಿನಲ್ಲಿ ಹಿಡಿದು ಇನ್ನೂ ಜಾಗ ಉಳಿಯಿತು. ಇದನ್ನು ನಡೆಸುವುದಕ್ಕೆ ಎಲ್ಲರೂ ಫೋನು ಬಳಸುತ್ತಾರೆ. ನಾನು 350 ರೂಪಾಯಿ ಕೊಟ್ಟು ಬರೀ ಅಂಕಿಗಳಿರುವ ಪುಟ್ಟ ಕೀಲಿಮಣೆ ತಂದೆ, ಬ್ಯಾಂಕಿನ ಕೌಂಟರಿನಲ್ಲಿ ಇರುವಂಥದ್ದು. ಅದರ 5ರ ಮೇಲೆ ಒಂದು ಸಣ್ಣ ಗುಬುಟು ಇರುತ್ತದೆ. ಅದನ್ನು ಯಾರು ಮೊದಲು ಇಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ. ಗುಬುಟು ಸಿಕ್ಕಿತೆಂದರೆ ಸುತ್ತಲಿನ ಎಂಟೂ ಸಿಕ್ಕವು. ಒಂದೇ ತೊಡಕು: ಕಂಪ್ಯೂಟರಿನ ಕೀಲಿಯಲ್ಲಿ 7-8-9 ಮೇಲಿನ ಸಾಲು, ಅಪ್ಪನ ಬೆರಳಿಗೆ ರೂಢಿಯಿದ್ದ ಹಳೆಯ ಲ್ಯಾಂಡ್‌ಲೈನಿನಲ್ಲಿ 1-2-3. ಯಾವ ಕೀಲಿ ಒತ್ತಿದರೆ ಯಾವುದೆಂದು ತಿಳಿಯಬೇಕೆಂಬುದನ್ನು ಬರೆಯುವವಳು ನಾನೇ ಆದ್ದರಿಂದ ಮೇಲಿನ ಸಾಲನ್ನೇ 1-2-3 ಮಾಡಿದೆ.

ಕೀಲಿಗಳಿಗೆ ಏನು ಹಂಚುವುದೆಂದು ಕೇಳಿದಾಗ ಅಪ್ಪನಿಗೆ ಯೋಚಿಸಬೇಕಾಗಲಿಲ್ಲ. “ಪ್ರಹರ ಎಂಟು ಅದಾವಲ್ಲ.” ಹಾಗಾಗಿ 1ಕ್ಕೆ ಭೈರವ, ರಾಮಕಲಿ. 2ಕ್ಕೆ ತೋಡಿ, ಜೌನಪುರಿ. 3ಕ್ಕೆ ಸಾರಂಗಗಳು. 4ಕ್ಕೆ ಭೀಮಪಲಾಸಿ, ಮುಲ್ತಾನಿ. ದೀಪ ಹಚ್ಚುವ ಹೊತ್ತಿನ ಯಮನ ಗುಬುಟಿನ 5ಕ್ಕೆ. 6ಕ್ಕೆ ಬಿಹಾಗ, 7ಕ್ಕೆ ಮಾಲಕೌಂಸ, ದರಬಾರಿ, 8ಕ್ಕೆ ಲಲಿತ. ಕಪಾಟಿನಲ್ಲಿ ಗಾಯಕರ ಸಾಲಿನಲ್ಲಿ ನಿಂತಿದ್ದ ಡಿಸ್ಕುಗಳು ಇಲ್ಲಿ ಹೊತ್ತಿನ ಸಾಲಿನಲ್ಲಿ ನಿಂತವು. ಒಂದು ತೋಡಿ ಮುಗಿದರೆ ಇನ್ನೊಬ್ಬರ ತೋಡಿ. ವಿಲಂಬಿತ ಮುಗಿದು ದ್ರುತ ಶುರುವಾಗುವಲ್ಲಿ ಎಂಪಿ3ಯಲ್ಲಿ ಒಂದು ಮಿಟುಕಿನಷ್ಟು ಖಾಲಿ ಬೀಳುತ್ತಿತ್ತು, ಇದರಲ್ಲಿ ಇಲ್ಲ. ಜಯಪುರ ಘರಾಣೆಯ ಜೋಡುರಾಗಗಳನ್ನು ಯಾವ ಹೊತ್ತಿಗೆ ಸೇರಿಸುವುದೆಂದು ಅಪ್ಪ ಎರಡು ದಿನ ತನ್ನ ಗೆಳೆಯರಿಗೆ ಫೋನಿನಲ್ಲಿ ಚರ್ಚೆ ಹಚ್ಚಿದ. ಮಲ್ಹಾರಗಳನ್ನು ಯಾವ ಪ್ರಹರಕ್ಕೂ ಹಾಕಬಾರದು, ಮಳೆ ಬಂದಾಗ ನೀನೇ ಬಂದು ಹಾಕು ಅಂದ. ಈ ಮನುಷ್ಯನ ಸಲುವಾಗಿ ನಾನು ಹೈದರಾಬಾದಿನಿಂದ ಮೋಡ ನೋಡುತ್ತ ಕೂರಬೇಕು.

ಉಳಿದದ್ದು, ಈಗ ಹಾಡುತ್ತಿರುವುದು ಯಾವುದೆಂದು ಅವನಿಗೆ ಹೇಗೆ ಗೊತ್ತಾಗಬೇಕು ಎನ್ನುವುದು. ಬಹಳಷ್ಟನ್ನು ತಂಬೂರಿಯ ಶ್ರುತಿಯಲ್ಲೇ ಹಿಡಿಯುತ್ತಾನೆ. ಆದರೂ ಮೊದಲು ಡಿಸ್ಕು ಕೈಗೆತ್ತಿಕೊಂಡಾಗಲೇ ಗೊತ್ತಿರುತ್ತಿತ್ತಲ್ಲ. ಕಂಪ್ಯೂಟರಿನ ದನಿಯಿಂದ ಹೇಳಿಸಬಹುದಿತ್ತು. ಆ ದನಿ ಪ್ರಯತ್ನಿಸಿದ ‘ಶಿವಮತ ಭೈರವ’ ಕೇಳಿದ ಮೇಲೆ ಕೈಬಿಟ್ಟೆ. ಗೌಹರ್ ಜಾನ್ ನೆನಪಾದದ್ದು ಆಗ. ಪ್ರತಿ ರಾಗದ ಮುಂದೆ ಅಪ್ಪನೇ ಹೇಳಲಿ ಎಂದು ಫೋನಿನ ರೆಕಾರ್ಡರನ್ನು ಅವನ ಮುಂದೆ ಹಿಡಿದೆ. ಗಂಟಲು ಸರಿಮಾಡಿಕೊಂಡು, ಧಾರವಾಡ ಆಕಾಶವಾಣಿಯವರಂತೆ, ಗ್ರಂಥದ ಕನ್ನಡದಲ್ಲಿ ಶುರುಮಾಡಿದ: ಗಾಯಕರು, ರಾಗ, ತಾಲ, ತಬಲಾ ಸಾಥಿ, ಹಾರ್ಮೋನಿಯಂ ಸಾಥಿ. ಕೊನೆಗೆ ತನ್ನ ಭಾಷೆಗಿಳಿದು, “ಇದು ಕೆಮ್ಮಿಂದು.” ದಿನಕ್ಕೆ ಇಪ್ಪತ್ತು. ಕಾಗದದಲ್ಲಿ ತಬಲಾದವರ ಹೆಸರಿಲ್ಲದ ಡಿಸ್ಕು ಬಂದಾಗ ನಿಲ್ಲಿಸಿಬಿಡುತ್ತಿದ್ದ. ಹೆಸರಿಲ್ಲದೆ ಹೇಳುವುದಿಲ್ಲ. ಅಂಥವು ಒಂಬತ್ತು ಉಳಿದಿವೆ. ಅವುಗಳಲ್ಲಿ ಒಂದಕ್ಕೆ ಕಳೆದ ತಿಂಗಳು ಹೆಸರು ಸಿಕ್ಕಿತೆಂದು, ರಾತ್ರಿ ಹತ್ತೂವರೆಗೆ ಅವ್ವನ ಕೈಯಿಂದ ನನಗೆ ಫೋನು ಹಚ್ಚಿಸಿದ್ದ.

9ನೇ ಕೀಲಿ ಖಾಲಿಯಿತ್ತು. ಭಜನೆ, ವಚನ ಹಾಕೋಣವೆಂದು ಅಪ್ಪ ಅಂದ. ಒಗ್ಗರಣೆ ಹಾಕುತ್ತಿದ್ದ ಅವ್ವ ಅಲ್ಲಿಂದಲೇ, “ನಂದೊಂದು ಐತಿ, ಅದನ್ನ ಹಾಕಾಕ ಬರತೈತೇನು?” ಅಂದಳು.

ಸಿ.ಡಿ. ಪ್ಲೇಯರು ಮನೆಗೆ ಬಂದ 2003ರಲ್ಲಿ ಟೇಪ್ ರೆಕಾರ್ಡರು ಅಟ್ಟಕ್ಕೆ ಹೋಗಿತ್ತು. ಅಪ್ಪನ ಕ್ಯಾಸೆಟ್ಟುಗಳ ಜಾಗಕ್ಕೆ ಒಂದೊಂದಾಗಿ ಡಿಸ್ಕು ಬಂದವು. ಅವ್ವನ ಕ್ಯಾಸೆಟ್ಟಿಗೆ ಡಿಸ್ಕು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಅದು ನವಲಗುಂದದ ಕಡೆಯ ಅವಳ ತವರಿನಲ್ಲಿ, ಸೋದರಮಾವನ ಮದುವೆಯ ಹಿಂದಿನ ದಿನ, ಅಜ್ಜಿ ಮತ್ತು ಓಣಿಯ ಹೆಂಗಸರು ಬೀಸುವಾಗ ಹಾಡಿದ್ದು. ಇಪ್ಪತ್ತು ವರ್ಷ ಗೋದರೇಜ್ ಕಪಾಟಿನಲ್ಲಿ ಸೀರೆಗಳ ಕೆಳಗೆ ಇತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಕ್ಯಾಸೆಟ್ಟಿನಲ್ಲಿ ಅವಸರ ಮಾಡಲು ಬರುವುದಿಲ್ಲ. 60 ನಿಮಿಷದ್ದಕ್ಕೆ 60 ನಿಮಿಷವೇ ಬೇಕು. ಗೆಳತಿಯ ಮನೆಯಿಂದ ಟೇಪ್ ತಂದು, ಫೆವಿಕ್ವಿಕ್ ಹಚ್ಚಿದ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ತುಂಬಿಸಿದೆ. ಸುಯ್ ಎನ್ನುವ ಸದ್ದು, ಕಲ್ಲಿನ ಸದ್ದು, ಬಳೆ, ಎಲ್ಲೋ ಕೂಸಿನ ಅಳು, ಅವುಗಳ ನಡುವೆ ಎರಡು ದನಿ ಕೇಳುವುದು, ನಾಲ್ಕು ದನಿ ಉತ್ತರಿಸುವುದು. ಸದ್ದನ್ನು ತೆಗೆಯುವ ತಂತ್ರಾಂಶ ಹಚ್ಚಿದರೆ ಸುಯ್ ಹೋಗುವುದರ ಜೊತೆಗೆ ಬೀಸುವ ಕಲ್ಲೂ ಹೋಗುತ್ತಿತ್ತು. ಹಾಗೇ ಬಿಟ್ಟೆ.

ಇದರ ಹೆಸರನ್ನು ಯಾವ ಪಟ್ಟಿಯಿಂದ ತರಿಸುವುದು? ರೆಕಾರ್ಡರನ್ನು ಅವ್ವನ ಮುಂದೆ ಹಿಡಿದೆ. ಮೊದಲು ಕೈಯಾಡಿಸಿ ಬೇಡವೆಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಕೂತು, ಹಾಡಿದವರನ್ನು ಹೇಳತೊಡಗಿದಳು. ಮೊದಲು ಅಜ್ಜಿ. ಆಮೇಲೆ ಯಾರ ಸೊಸೆ, ಯಾರ ಮಗಳು, ಯಾವ ಊರಿಂದ ಕೊಟ್ಟಿದ್ದು, ಯಾರ ದನಿ ಒಡೆದಿತ್ತು, ಯಾಕೆ. ಒಬ್ಬಾಕೆ ಆ ವರ್ಷವೇ ಹೋದದ್ದು. ಅಳುವ ಕೂಸು ಈಗ ಗದಗಿನಲ್ಲಿ ಕಂಡಕ್ಟರು ಅಂತ. ಅಪ್ಪನ ಪ್ರಕಟಣೆಗಳು ಹದಿನೈದು ಸೆಕೆಂಡು ದಾಟುವುದಿಲ್ಲ. ಅವ್ವನದು ಏಳು ನಿಮಿಷವಾಯಿತು. ನಡುವೆ ಕುಕ್ಕರಿನ ಸೀಟಿಯೂ ಇದೆ.

“ಇಷ್ಟುದ್ದ ಯಾಕ, ಸ್ವಲ್ಪ ಕತ್ತರಿಸವಾ” ಅಂದ ಅಪ್ಪ.

“ನಿಮ್ಮ ಭೈರವ ನೀವು ಕತ್ತರಿಸ್ಕೋರಿ” ಅಂದಳು ಅವ್ವ.

ನಾನು ಕತ್ತರಿಸಲಿಲ್ಲ. ಮಧ್ಯಾಹ್ನ ಸಾರಂಗದ ಹೊತ್ತಿನಲ್ಲಿ, ಅಪ್ಪ ಊಟ ಮಾಡಿ ಅಡ್ಡಾದ ಮೇಲೆ, ಅವ್ವ ಬಂದು 9 ಒತ್ತುತ್ತಾಳಂತೆ. ಒಂದೊಂದು ದಿನ ಹೆಸರುಗಳಷ್ಟನ್ನೇ ಕೇಳಿ, ಹಾಡು ಶುರುವಾಗುವಾಗ ನಿಲ್ಲಿಸಿ ಎದ್ದುಹೋಗುತ್ತಾಳೆ ಎಂದು ಅಪ್ಪ ಫೋನಿನಲ್ಲಿ ದೂರು ಹೇಳಿದ.